ತಲೆಯ ಮೇಲಿನ ತಾವರೆ

ಕನ್ನಡ ನಾಡನ್ನಾಳಿದ ಅರಸರಿಗೆ ಲಾಂಛನದ ಮೇಲೆ ಬಲು ಮಮತೆ. ಬಾದಾಮಿಯ ಚಾಲುಕ್ಯರು ವರಾಹವನ್ನು ಹಿಡಿದರು, ತಲಕಾಡಿನ ಗಂಗರು ಆನೆಯನ್ನು. ಹಾನಗಲ್ಲು, ಗೋವೆಗಳ ಕದಂಬರಿಗೆ ಮುದ್ರೆಯಲ್ಲಿ ಸಿಂಹ, ಬಾವುಟದಲ್ಲಿ ವಾನರ. ಹೊಯ್ಸಳರಂತೂ ಸಳ ಹುಲಿಯನ್ನು ಇರಿಯುವುದನ್ನೇ ಕಲ್ಲಿನಲ್ಲಿ ಕಡೆಸಿ ಗುಡಿಗಳ ಮೇಲೆ ನಿಲ್ಲಿಸಿದರು. ವಿಜಯನಗರದವರು ಮತ್ತೆ ವರಾಹಕ್ಕೇ ಮರಳಿ, ಅದರ ಜೊತೆಗೆ ಖಡ್ಗ, ಸೂರ್ಯ, ಚಂದ್ರರನ್ನು ಕೂಡಿಸಿಕೊಂಡರು. ಮೈಸೂರು ಒಡೆಯರ ಗಂಡಭೇರುಂಡ ಇವತ್ತಿಗೂ ಹಾರುತ್ತಲೇ ಇದೆ; ಸರ್ಕಾರದ ಕಾಗದದ ನೆತ್ತಿಯ ಮೇಲೆ, ಸಾರಿಗೆ ಸಂಸ್ಥೆಯ ಬಸ್ಸಿನ ಮೈಮೇಲೆ ದಿನಕ್ಕೊಮ್ಮೆಯಾದರೂ ನಮ್ಮ ಕಣ್ಣಿಗೆ ಬೀಳುತ್ತದೆ. ಆ ಹಳೆಯ ಅರಸರ ಕಾಲದಲ್ಲಿ ದಾನ ಕೊಟ್ಟ ತಾಮ್ರಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ಮುದ್ರೆ ಕೂರಿಸುತ್ತಿದ್ದರು. ಓದು ಬಾರದವನಿಗೂ ಆ ಮುದ್ರೆ ಯಾರದೆಂದು ತಿಳಿಯುತ್ತಿತ್ತು.

ಆ ಲಾಂಛನಗಳಿಗೆಲ್ಲ ಒಂದೊಂದು ವಂಶವಿತ್ತು. ಆನೆ ಗಂಗರ ಮನೆಯದು, ಗಂಡಭೇರುಂಡ ಒಡೆಯರ ಮನೆಯದು. ಹೊಲ ಉಳುವವನು ಆ ಮುದ್ರೆಗೆ ಕೈಮುಗಿಯಬಹುದಿತ್ತು, ಧರಿಸುವಂತಿರಲಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಹೊಲ ಉಳುವವನ ಮಗಳೂ ಮಗನೂ ತಲೆಯ ಮೇಲೆ ಧರಿಸುವ ಲಾಂಛನದ ಮಾತು. ಎಂಟನೇ ತರಗತಿಗೆ ಕಾಲಿಟ್ಟ ಹುಡುಗ ಶಾಲೆಯ ಮೈದಾನದಲ್ಲಿ ಸಾಲಿನಲ್ಲಿ ನಿಂತು, ಎದೆಯಳತೆ ಎತ್ತರದಳತೆ ಕೊಟ್ಟು, ಓಡಿ ತೋರಿಸಿ, ಹೆಸರು ಬರೆಸಿಕೊಂಡು ಬಂದರೆ ಕೆಲವು ವಾರಗಳಲ್ಲಿ ಅವನಿಗೆ ಖಾಕಿ ಬಟ್ಟೆ, ಬೆಲ್ಟು, ಹಸಿರು ಬೆರೆಟ್, ಅದಕ್ಕೊಂದು ಬ್ಯಾಡ್ಜ್ ಸಿಗುತ್ತದೆ. ನ್ಯಾಷನಲ್ ಕೆಡೆಟ್ ಕೋರ್, ನಮ್ಮೆಲ್ಲರ ಬಾಯಲ್ಲಿ ಎನ್‌ಸಿಸಿ. ಹೈಸ್ಕೂಲಿನ ಹುಡುಗರದು ಜೂನಿಯರ್ ಡಿವಿಷನ್, ಹುಡುಗಿಯರದು ಜೂನಿಯರ್ ವಿಂಗ್.

ಆ ಬ್ಯಾಡ್ಜಿನಷ್ಟು ಉಜ್ಜಿಸಿಕೊಂಡ ಲೋಹ ನಮ್ಮ ಶಾಲೆಗಳಲ್ಲಿ ಇನ್ನೊಂದಿಲ್ಲ. ಪರೇಡಿನ ಹಿಂದಿನ ಸಂಜೆ ಬ್ರಾಸೋ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಡಬ್ಬಿ ಇಲ್ಲದ ಮನೆಯಲ್ಲಿ ಹುಣಸೆಹಣ್ಣು ಇದೆ, ಒಲೆಯ ಬೂದಿ ಇದೆ. ಅವ್ವ ಒಂದು ಕಡೆ ದೇವರ ದೀಪ ತಿಕ್ಕುತ್ತಿದ್ದರೆ, ಅದೇ ಹುಣಸೆಹಣ್ಣಿನ ಉಳಿದ ಚೂರಿನಲ್ಲಿ ಮಗ ಬ್ಯಾಡ್ಜನ್ನು ತಿಕ್ಕಿದ ಮನೆಗಳನ್ನು ನಾನು ಬಲ್ಲೆ. ಹಿತ್ತಾಳೆಯ ಸಂದಿಗಳಲ್ಲಿ ಬಿಳಿಯ ಪುಡಿ ಉಳಿಯಬಾರದು. ಉಳಿದರೆ ಬೆಳಗ್ಗೆ ಡ್ರಿಲ್ ಕಲಿಸುವ ಉಸ್ತಾದರ ಕಣ್ಣು ನೇರವಾಗಿ ಅಲ್ಲಿಗೇ ಬೀಳುತ್ತದೆ. ಹಳೆಯ ಬಟ್ಟೆಯನ್ನು ಕಡ್ಡಿಯ ತುದಿಗೆ ಸುತ್ತಿ ಎಸಳು ಎಸಳಾಗಿ ಒರೆಸಬೇಕು. ಹೀಗೆ ಒರೆಸುವಾಗಲೇ ಎಷ್ಟೋ ಮಕ್ಕಳಿಗೆ ಅದರಲ್ಲಿರುವುದು ತಾವರೆಯ ಹೂವು ಎಂದು ಮೊದಲ ಬಾರಿಗೆ ಕಾಣುವುದು.

ಹೌದು, ತಾವರೆಗಳ ಒಂದು ಬಳ್ಳಿಸುತ್ತು. ಅದರ ನಡುವೆ ಎನ್‌ಸಿಸಿ ಎಂಬ ಮೂರು ಅಕ್ಷರ, ಕೆಳಗೆ ಪಟ್ಟಿಯ ಮೇಲೆ ಹಿಂದಿಯಲ್ಲಿ ಏಕತೆ ಮತ್ತು ಶಿಸ್ತು ಎಂಬ ಧ್ಯೇಯ. ಧ್ವಜದ ಮೇಲಾದರೆ ಇದರ ಹಿಂದೆ ಮೂರು ಬಣ್ಣ: ಕೆಂಪು, ಕಡು ನೀಲಿ, ತಿಳಿ ನೀಲಿ. ಕೆಂಪು ಭೂಸೇನೆಗೆ, ಕಡು ನೀಲಿ ನೌಕಾಸೇನೆಗೆ, ತಿಳಿ ನೀಲಿ ವಾಯುಸೇನೆಗೆ. ತಾವರೆಗಳ ಸಂಖ್ಯೆ 17, ದೇಶದಲ್ಲಿರುವ 17 ಎನ್‌ಸಿಸಿ ನಿರ್ದೇಶನಾಲಯಗಳಿಗೆ ಒಂದೊಂದು ಎಂದು ಕೆಡೆಟ್‌ಗಳಿಗೆ ಪಾಠದಲ್ಲಿ ಹೇಳಿಕೊಡುತ್ತಾರೆ. ನಮ್ಮದು ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯ. ಆ ಲೆಕ್ಕದಲ್ಲಿ ಒಂದು ಹೂವು ನಮಗೂ ಗೋವೆಯವರಿಗೂ ಸೇರಿ. ಸಿಂಹಲಾಂಛನದ ಕದಂಬರು ಹಾನಗಲ್ಲನ್ನೂ ಗೋವೆಯನ್ನೂ ಆಳಿದ್ದು ನೆನಪಾಗಿ, ಈ ಹಂಚಿಕೆ ನನಗೆ ಇನ್ನಷ್ಟು ಪ್ರಿಯವಾಗುತ್ತದೆ.

ಈ ಸಂಸ್ಥೆಯ ಬೇರು ಹುಡುಕಿದರೆ ಮೊದಲ ಮಹಾಯುದ್ಧದ ಕಾಲಕ್ಕೆ ಹೋಗಬೇಕು. 1917ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಯೂನಿವರ್ಸಿಟಿ ಕೋರ್ ಹುಟ್ಟಿತು. 1920ರಲ್ಲಿ ಅದು ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆಯಿತು, ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಮತ್ತೊಂದು ಹೆಸರು ಪಡೆಯಿತು. ಹೆಸರು ಬದಲಾದರೂ ಅದು ಕಾಲೇಜಿನವರದಾಗಿಯೇ ಉಳಿಯಿತು. ಹೈಸ್ಕೂಲಿನ ಮಕ್ಕಳನ್ನೂ ಒಳಗೆ ಕರೆದದ್ದು ಸ್ವತಂತ್ರ ಭಾರತ. 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿ ಕೂತಿತು, ಸಮಿತಿಯ ಸಲಹೆಯ ಮೇಲೆ 1948ರ ಏಪ್ರಿಲ್‌ನಲ್ಲಿ ಕಾನೂನು ಬಂತು, ಅದೇ ವರ್ಷ ಜುಲೈ 15ರಂದು ಎನ್‌ಸಿಸಿ ಶುರುವಾಯಿತು. ಮೊದಲ ನಿರ್ದೇಶಕರು ಕರ್ನಲ್ ಗೋಪಾಲ ಗುರುನಾಥ ಬೇವೂರ. ಆ ಅಡ್ಡಹೆಸರು ಕಿವಿಗೆ ಬಿದ್ದರೆ ಉತ್ತರ ಕರ್ನಾಟಕದವರಿಗೆ ಬಾಗಲಕೋಟೆ ಹತ್ತಿರದ ಬೇವೂರು ನೆನಪಾಗದೆ ಇರದು. ಅವರೇ ಮುಂದೆ ಭೂಸೇನೆಯ ಮುಖ್ಯಸ್ಥರಾದರು. ಮರುವರ್ಷವೇ, 1949ರಲ್ಲಿ, ಹುಡುಗಿಯರ ವಿಭಾಗ ತೆರೆಯಿತು. 1950ರಲ್ಲಿ ವಾಯು ವಿಭಾಗ, 1952ರಲ್ಲಿ ನೌಕಾ ವಿಭಾಗ. ಹೆಣ್ಣುಮಕ್ಕಳು ಹೈಸ್ಕೂಲಿಗೆ ಬರುವುದೇ ಅಪರೂಪವಾಗಿದ್ದ ದಿನಗಳಲ್ಲಿ ಅವರಿಗೂ ಖಾಕಿ ಹೊಲಿಸಲು ಹೊರಟವರ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಧ್ವಜದ ಕತೆ ಇನ್ನೂ ಸ್ವಾರಸ್ಯದ್ದು. 1951ರಲ್ಲಿ ಮೊದಲ ಧ್ವಜ ಬಂದಾಗ ಅದು ಸೈನ್ಯದ ಪಲ್ಟನ್ನುಗಳ ಧ್ವಜದ ಅಳತೆ, ಬಣ್ಣ, ಮಾದರಿಯಲ್ಲೇ ಇತ್ತು. ನಡುವಿನ ಬ್ಯಾಡ್ಜ್ ಮತ್ತು ಘಟಕದ ಹೆಸರು ಮಾತ್ರ ಬೇರೆ. ಅಷ್ಟರಲ್ಲಿ ವಾಯು ವಿಭಾಗ ಹುಟ್ಟಿತ್ತು, ನೌಕಾ ವಿಭಾಗ ಹುಟ್ಟುವುದರಲ್ಲಿತ್ತು. ಮೂರೂ ಸೇನೆಗಳ ಮಕ್ಕಳು ಒಂದೇ ಸೇನೆಯ ಬಾವುಟದಡಿ ನಿಲ್ಲುವುದು ಸರಿಯಲ್ಲವೆಂದು ಹಿರಿಯರಿಗೆ ಅನಿಸಿತು. 1954ರಲ್ಲಿ ಈಗಿರುವ ತ್ರಿವರ್ಣ ಧ್ವಜ ಬಂತು. ಬ್ರಿಟಿಷರ ಪದ್ಧತಿಯಲ್ಲಿ ಮೂರು ಸೇನೆಗಳ ಬಣ್ಣ ಜೋಡಿಸುವಾಗ ಕಡು ನೀಲಿ ಮೊದಲು, ಏಕೆಂದರೆ ಅವರಿಗೆ ನೌಕಾಸೇನೆಯೇ ಹಿರಿಯದು. ಸುತ್ತ ಸಮುದ್ರವಿರುವ ದ್ವೀಪದವರಿಗೆ ಅದು ಸಹಜ. ನಮ್ಮಲ್ಲಿ ಭೂಸೇನೆ ಹಿರಿಯದು, ಆದ್ದರಿಂದ ಕೆಂಪು ಮೊದಲು. ಮೂರು ಬಣ್ಣಗಳ ಸಾಲು ಹೇಗಿದೆ ಎಂದು ನೋಡಿದರೆ ಸಾಕು, ಆ ದೇಶ ತನ್ನ ರಕ್ಷಣೆಯನ್ನು ಹೇಗೆ ನೆನೆಯುತ್ತದೆ ಎಂಬುದು ಗೊತ್ತಾಗುತ್ತದೆ. ಬಜಾರಿನಲ್ಲಿ ಸಿಗುವ ಕೆಲವು ಹೊಲಿಗೆಯ ಬಿಲ್ಲೆಗಳಲ್ಲಿ ಈ ಕ್ರಮ ತಪ್ಪಿರುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ದರ್ಜಿಗೆ ಮೂರು ನೂಲಿನುಂಡೆ. ಧರಿಸುವ ಮಗುವಿಗೆ ಅದು ದೇಶದ ಇತಿಹಾಸ.

ತಾವರೆಯ ಆಯ್ಕೆಯನ್ನು ನಾವು ಲಘುವಾಗಿ ತೆಗೆದುಕೊಳ್ಳಬಾರದು. ಯೂರೋಪಿನ ಸೈನ್ಯಗಳು ಬ್ಯಾಡ್ಜಿನ ಸುತ್ತ ಲಾರೆಲ್ ಎಲೆಯ ಮಾಲೆ ಹಾಕುತ್ತವೆ. ಗ್ರೀಕರು, ರೋಮನರು ಗೆದ್ದವರ ತಲೆಗೆ ಕಟ್ಟುತ್ತಿದ್ದ ಎಲೆ ಅದು. ನಮ್ಮ ಸೈನ್ಯದ ಬ್ಯಾಡ್ಜುಗಳ ಮೇಲೂ 1950ರ ಜನವರಿ 26ರವರೆಗೆ ಬ್ರಿಟಿಷ್ ಕಿರೀಟ ಕೂತಿತ್ತು. ಗಣರಾಜ್ಯವಾದ ದಿನ ಕಿರೀಟ ಇಳಿಯಿತು, ಸಾರನಾಥದ ಅಶೋಕ ಸಿಂಹಗಳು ಏರಿದವು. ಹೀಗೆ ಹಳೆಯ ಗುರುತುಗಳನ್ನು ಒಂದೊಂದಾಗಿ ಬದಲಿಸಿಕೊಳ್ಳುತ್ತಿದ್ದ ಹೊಸ ದೇಶ ತನ್ನ ಶಾಲೆಯ ಮಕ್ಕಳ ತಲೆಗೆ ಏನು ಇಡುವುದೆಂದು ಕೇಳಿಕೊಂಡಾಗ, ಗೆದ್ದವರ ಎಲೆಯನ್ನು ಬಿಟ್ಟು ಕೆರೆಯ ಹೂವನ್ನು ಆರಿಸಿತು. ಬೇಲೂರಿನ ಗುಡಿಯ ಮಾಡಿನಲ್ಲಿ ಕೆಳಮುಖವಾಗಿ ತೂಗುವ ಕಲ್ಲಿನ ಮೊಗ್ಗನ್ನು ಕತ್ತೆತ್ತಿ ನೋಡಿದ ನಮ್ಮ ಹುಡುಗರಿಗೆ ಈ ಹೂವು ಪರಕೀಯವಲ್ಲ.

ಧ್ಯೇಯವಾಕ್ಯ ಬಂದದ್ದು ಮಾತ್ರ ಬಹಳ ತಡವಾಗಿ. 1978ರ ಆಗಸ್ಟಿನಲ್ಲಿ ಕೇಂದ್ರ ಸಲಹಾ ಸಮಿತಿಯಲ್ಲಿ ಇದರ ಚರ್ಚೆಯಾಯಿತು. ಏಕತೆ ಮತ್ತು ಶಿಸ್ತು ಎಂದು ತೀರ್ಮಾನವಾದದ್ದು 1980ರ ಅಕ್ಟೋಬರ್ 12ರಂದು. ಸಂಸ್ಥೆ ಹುಟ್ಟಿ ಮೂರು ದಶಕ ದಾಟಿದ ಮೇಲೆ. ಕೆಲವರು ಇದನ್ನು ಸರ್ಕಾರಿ ವಿಳಂಬ ಎನ್ನಬಹುದು. ನನಗೆ ಹಾಗನಿಸುವುದಿಲ್ಲ. ಅಷ್ಟು ವರ್ಷ ಮೈದಾನದಲ್ಲಿ ನಡೆದದ್ದನ್ನು ಕಂಡು, ಆಮೇಲೆ ಅದಕ್ಕೊಂದು ಮಾತು ಕೊಟ್ಟರು. ಬೇರೆ ಬೇರೆ ಕೇರಿಯ ಮಕ್ಕಳು ಕ್ಯಾಂಪಿನಲ್ಲಿ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತದ್ದು, ಒಂದೇ ಗುಡಾರದಲ್ಲಿ ಮಲಗಿದ್ದು ಮೊದಲು. ಏಕತೆ ಎಂಬ ಶಬ್ದ ನಂತರ.

ಕ್ಯಾಂಪಿನ ಮಾತು ಬಂದ ಮೇಲೆ ಉಸ್ತಾದರ ಮಾತು ಬರಲೇಬೇಕು. ಮಕ್ಕಳಿಗೆ ಡ್ರಿಲ್ ಕಲಿಸಲು ಸೈನ್ಯದಿಂದ ಹವಾಲ್ದಾರರು, ಸುಬೇದಾರರು ಬರುತ್ತಾರೆ, ಪಿಐ ಸ್ಟಾಫ್ ಎನ್ನುತ್ತಾರೆ. ಅವರ ತಲೆಯ ಮೇಲೆ ಅವರವರ ಪಲ್ಟನ್ನಿನ ಗುರುತು. ಒಬ್ಬರು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯವರು, ಬ್ಯಾಡ್ಜಿನಲ್ಲಿ ಕಹಳೆ. ಇನ್ನೊಬ್ಬರು ಮದ್ರಾಸ್ ರೆಜಿಮೆಂಟಿನವರು, ಬ್ಯಾಡ್ಜಿನಲ್ಲಿ ಆನೆ. ಪ್ಯಾರಾಶೂಟ್ ರೆಜಿಮೆಂಟಿನವರೊಬ್ಬರು ಬಂದರೆ ಅವರ ಕೆಂಗಂದು ಬೆರೆಟ್‌ನತ್ತ ಇಡೀ ಮೈದಾನ ಕಣ್ಣರಳಿಸಿ ನೋಡುತ್ತದೆ. ಡ್ರಿಲ್ಲಿನ ನಡುವೆ ವಿಶ್ರಾಮ್ ಸಿಕ್ಕಾಗ ಧೈರ್ಯವಿರುವ ಹುಡುಗ ಕೇಳುತ್ತಾನೆ, "ಉಸ್ತಾದ್, ನಿಮ್ಮ ಟೋಪಿ ಮೇಲೆ ಆನೆ ಯಾಕ್ರೀ?" ಉಸ್ತಾದರ ಮುಖ ಆಗ ಅರಳುತ್ತದೆ. 1803ರ ಅಸ್ಸಾಯೆ ಕದನದ ತನಕ ಕತೆ ಹೋಗುತ್ತದೆ. ಸಾವಧಾನ್ ವಿಶ್ರಾಮ್ ಬಿಟ್ಟರೆ ಮಾತನ್ನೇ ಆಡದವರೆಂದು ಹುಡುಗರು ತಿಳಿದಿದ್ದ ಆ ಮನುಷ್ಯ ಅರ್ಧ ಗಂಟೆ ಮಾತಾಡುತ್ತಾರೆ. ಪಲ್ಟನ್ನಿನ ಸಿಪಾಯಿಗೆ ತನ್ನ ಬ್ಯಾಡ್ಜಿನ ಕತೆ ಬಾಯಿಪಾಠ. ಭರ್ತಿಯಾದ ಮೊದಲ ದಿನಗಳಲ್ಲೇ ಅದನ್ನು ಕಲಿಸಿರುತ್ತಾರೆ.

ಕೆಡೆಟ್‌ಗಳ ಬೆರೆಟ್‌ಗೂ ಕೆಂಪು ಗರಿಯ ಗುಚ್ಛವಿದೆ, ಹ್ಯಾಕಲ್ ಎನ್ನುತ್ತಾರೆ. ಟೋಪಿಗೆ ಗರಿ ಸಿಕ್ಕಿಸುವ ಪದ್ಧತಿ ಸ್ಕಾಟ್ಲೆಂಡಿನ ಬ್ಲ್ಯಾಕ್ ವಾಚ್‌ನಂಥ ಹಳೆಯ ಪಲ್ಟನ್ನುಗಳಲ್ಲಿ ಹೆಸರಾದದ್ದು, ಅವರದೂ ಕೆಂಪೇ. ನಮ್ಮ ಸೈನ್ಯದಲ್ಲಿ ಗ್ರೆನೇಡಿಯರ್ಸ್ ಬಿಳಿಯ ಗರಿ ಧರಿಸುತ್ತಾರೆ. ಸಿಖ್ ಹುಡುಗರು ಬೆರೆಟ್ ಇಲ್ಲದೆ ಪಗಡಿಯ ಮೇಲೆಯೇ ಬ್ಯಾಡ್ಜನ್ನೂ ಗರಿಯನ್ನೂ ಧರಿಸುತ್ತಾರೆ, ಅದು ಇನ್ನೂ ಚೆಂದ.

ತೋಳಿನ ಪಟ್ಟಿಗಳದು ಬೇರೆಯೇ ಲೋಕ. ಲ್ಯಾನ್ಸ್ ಕಾರ್ಪೊರಲ್‌ಗೆ ಒಂದು, ಕಾರ್ಪೊರಲ್‌ಗೆ ಎರಡು, ಸಾರ್ಜೆಂಟ್‌ಗೆ ಮೂರು. ಮನೆಯ ಮಾಡಿನ ಎರಡು ತೊಲೆ ಕೂಡುವ ಹಾಗೆ ಕೋನವಾಗಿ ಕೂಡುವ ಈ ಪಟ್ಟಿ ಯೂರೋಪಿನ ನೈಟರ ಗುರಾಣಿಯಿಂದ ಇಳಿದು ಸಿಪಾಯಿಯ ತೋಳಿಗೆ ಬಂದದ್ದು. ನಮ್ಮಲ್ಲಿ, ಬ್ರಿಟಿಷರಲ್ಲಿ, ಕೋನದ ಮೊನೆ ಕೆಳಮುಖ. ಅಮೆರಿಕದಲ್ಲಿ ಮೇಲ್ಮುಖ.

ಅಮೆರಿಕದ ಹೈಸ್ಕೂಲುಗಳಲ್ಲೂ ಇಂಥದೇ ಒಂದು ವ್ಯವಸ್ಥೆ ಇದೆ. 1916ರ ರಾಷ್ಟ್ರೀಯ ರಕ್ಷಣಾ ಕಾನೂನಿನಿಂದ ಹುಟ್ಟಿದ ಜೂನಿಯರ್ ಆರ್‌ಒಟಿಸಿ ಅದರ ಹೆಸರು. ಮೊದಲು ಭೂಸೇನೆಗಷ್ಟೇ ಸೇರಿದ್ದ ಅದನ್ನು 1964ರ ಕಾನೂನು ಉಳಿದ ಸೇನೆಗಳಿಗೂ ತೆರೆಯಿತು. ಅಲ್ಲಿ ಭೂಸೇನೆಯ ಕೆಡೆಟ್ ಅಧಿಕಾರಿಗಳಿಗೆ ದುಂಡು ಬಿಲ್ಲೆ: ಒಂದು, ಎರಡು, ಮೂರು. ಮೇಜರ್‌ನಿಂದ ಮೇಲಕ್ಕೆ ಹರಳಿನಾಕಾರದ ಬಿಲ್ಲೆ, ಕರ್ನಲ್ ಆದ ಹುಡುಗಿಗೆ ಅಂಥವು ಮೂರು. ನಿಜವಾದ ಸೈನ್ಯಾಧಿಕಾರಿಯ ಚಿಹ್ನೆಯೊಡನೆ ಕಲೆಸಿಹೋಗದ ಹಾಗೆ ಬೇರೆಯದೇ ಆಕಾರ ಕೊಟ್ಟ ಎಚ್ಚರ ಅದರಲ್ಲಿದೆ.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು ಸಂಗತಿ. ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಅಮೆರಿಕದ ಸೈನ್ಯಕ್ಕೆ ಲಾಂಛನಗಳನ್ನೇ ರಚಿಸುವ ಒಂದು ಸಂಸ್ಥೆ ಇದೆ, ಇನ್‌ಸ್ಟಿಟ್ಯೂಟ್ ಆಫ್ ಹೆರಾಲ್ಡ್ರಿ. ದೊಡ್ಡ ದೊಡ್ಡ ದಳಗಳಿಗೆ ಬ್ಯಾಡ್ಜ್ ಬರೆಯುವ ಕಲಾವಿದರೇ ಅಲ್ಲಿ ಹೈಸ್ಕೂಲುಗಳ ಕೆಡೆಟ್ ಘಟಕಗಳಿಗೂ ತೋಳಿನ ಲಾಂಛನ ಬರೆದುಕೊಡುತ್ತಾರೆ. ಪ್ರತಿಯೊಂದು ಲಾಂಛನದ ಜೊತೆ ಒಂದು ಬರಹ ಇರುತ್ತದೆ. ಗುರಾಣಿಯ ಆಕಾರ ಎಂಥದು, ಅಂಚು ಯಾವ ಬಣ್ಣ ಎಂದು ಮೊದಲು ವರ್ಣನೆ. ಆಮೇಲೆ ಆ ಬಣ್ಣ ಶಾಲೆಯದು, ಈ ದೀವಟಿಗೆ ಜ್ಞಾನದ್ದು, ಈ ಪ್ರಾಣಿ ಊರಿನ ಕತೆಯದು ಎಂದು ಅರ್ಥ. ಯಾವುದೋ ಸಣ್ಣ ಊರಿನ ಶಾಲೆಯ ಹದಿನಾಲ್ಕರ ಹುಡುಗನ ತೋಳಿಗೆ ಹೊಲಿಯುವ ಅಂಗೈಯಗಲದ ಬಟ್ಟೆಗೂ ರಾಜಮುದ್ರೆಗೆ ಸಲ್ಲುವ ಗೌರವ.

ನಮ್ಮ ದಾರಿ ಬೇರೆ. ಶಾಲೆಗೊಂದು ಲಾಂಛನ ಬೇಡ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ತಾವರೆ ಸಾಕು ಎಂದುಕೊಂಡೆವು. ನನ್ನ ಮಟ್ಟಿಗೆ ನಮ್ಮದೇ ಹೆಚ್ಚು. ಹೆಸರಾಂತ ಶಾಲೆಯ ಹುಡುಗನಿಗೂ, ಹಂಚು ಸೋರುವ ಸರ್ಕಾರಿ ಹೈಸ್ಕೂಲಿನ ಹುಡುಗಿಗೂ ನಮ್ಮಲ್ಲಿ ಒಂದೇ ಹಿತ್ತಾಳೆ. ಕ್ಯಾಂಪಿನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತರೆ ಯಾರು ಎಲ್ಲಿಯವರೆಂದು ಟೋಪಿ ಹೇಳುವುದಿಲ್ಲ. ರಾಯಚೂರಿನ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಹಾಗೆ ನಿಂತು, "ಸಾರ್, ಈ ಟೋಪಿ ಹಾಕ್ಕೊಂಡಾಗ ನಮ್ಮೂರಿನೋರು ನನ್ನ ಹೆಸರ್ಹಿಡಿದು ಮಾತಾಡಸ್ತಾರ್ರೀ, ಮೊದಲೆಲ್ಲ ಅಪ್ಪನ ಹೆಸರು ಹೇಳಿ ಅವನ ಮಗಳು ಅಂತಿದ್ರು" ಎಂದಿದ್ದಳು. ಲಾಂಛನದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ತೂಕದ್ದು ಇನ್ನೊಂದಿಲ್ಲ.

ಇನ್ನೊಂದು ವಿಷಯ ಪೋಷಕರಿಗಾಗಿ. ಮಗು ಈ ಬ್ಯಾಡ್ಜ್ ಹಾಕಿಕೊಂಡರೆ ಯುದ್ಧಕ್ಕೆ ಕರೆದಾರು ಎಂಬ ಹೆದರಿಕೆ ಕೆಲವು ಮನೆಗಳಲ್ಲಿ ಈಗಲೂ ಇದೆ. ಕೆಡೆಟ್ ಆದ ಮಾತ್ರಕ್ಕೆ ಸೈನ್ಯದ ಸಕ್ರಿಯ ಸೇವೆಯ ಹೊಣೆ ಇಲ್ಲವೆಂದು 1948ರ ಕಾನೂನೇ ಹೇಳಿದೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಕಾಲೇಜುಗಳಲ್ಲಿ ಎನ್‌ಸಿಸಿಯನ್ನು ಕಡ್ಡಾಯ ಮಾಡಿದ್ದರು. 1968ರಲ್ಲಿ ಅದನ್ನು ಮತ್ತೆ ಇಷ್ಟವಿದ್ದವರಿಗೆ ಬಿಟ್ಟರು. ಅದು ಸರಿಯಾದ ತೀರ್ಮಾನ. ತಾನಾಗಿ ಬೇಡಿ ಪಡೆದ ಲಾಂಛನವನ್ನಷ್ಟೇ ಮಗು ಮನಸ್ಸಿಟ್ಟು ಉಜ್ಜುತ್ತದೆ. ಶುರುವಾದಾಗ ಸುಮಾರು 20 ಸಾವಿರ ಕೆಡೆಟ್‌ಗಳಿದ್ದ ಸಂಸ್ಥೆಯಲ್ಲಿ ಈಗ ಹತ್ತು ಲಕ್ಷಕ್ಕೂ ಮೀರಿ ಮಕ್ಕಳಿದ್ದಾರೆ, ಒಬ್ಬರಿಗೂ ಕಡ್ಡಾಯವಿಲ್ಲ.

ಅವರಲ್ಲಿ ಆಯ್ದವರು ಪ್ರತಿ ಜನವರಿಯಲ್ಲಿ ದೆಹಲಿಯ ದಂಡು ಪ್ರದೇಶಕ್ಕೆ ಗಣರಾಜ್ಯೋತ್ಸವದ ಕ್ಯಾಂಪಿಗೆ ಹೋಗುತ್ತಾರೆ. ಜಿಲ್ಲೆಯಲ್ಲಿ ಆಯ್ಕೆ, ಆಮೇಲೆ ರಾಜ್ಯದ ಮಟ್ಟದಲ್ಲಿ ಕ್ಯಾಂಪಿನ ಮೇಲೆ ಕ್ಯಾಂಪು. ತಿಂಗಳುಗಟ್ಟಲೆ ಬೂಟಿನ ಹಿಮ್ಮಡಿ ಸವೆಯುತ್ತದೆ. ಜನವರಿಯ ಕೊನೆಗೆ ಪ್ರಧಾನಮಂತ್ರಿಗಳ ಎದುರು ಅವರು ಹೆಜ್ಜೆ ಹಾಕುವ ಮೈದಾನದ ಹೆಸರು ಕಾರ್ಯಪ್ಪ ಪರೇಡ್ ಗ್ರೌಂಡ್. ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದವರ ಹೆಸರು. ನಮ್ಮ ನಾಡಿನ ಕೆಡೆಟ್‌ಗಳು ಆ ನೆಲದ ಮೇಲೆ ನಿಲ್ಲುವಾಗ ತಾವು ನಮ್ಮೂರಿನ ಹಿರಿಯರೊಬ್ಬರ ಅಂಗಳದಲ್ಲಿ ನಿಂತಿದ್ದೇವೆಂದು ಅವರಿಗೆ ಯಾರಾದರೂ ಹೇಳಿ ಕಳಿಸಬೇಕು.

ಹೇಳುವವರು ಬೇಕು ಎಂಬುದೇ ನನ್ನ ಮಾತೆಲ್ಲದರ ತಿರುಳು. ನಮ್ಮ ಕೆಡೆಟ್‌ಗಳ ಪಾಠದಲ್ಲಿ ಧ್ವಜ, ಧ್ಯೇಯ, ಗೀತೆ ಎಲ್ಲ ಇವೆ. ಎ ಸರ್ಟಿಫಿಕೇಟಿನ ಪರೀಕ್ಷೆಗೆ ಮಕ್ಕಳು ಅದನ್ನು ಉರುಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಕೆಂಪು ಯಾಕೆ ಮೊದಲು ಬಂತು, ಲಾರೆಲ್ ಎಲೆಯ ಜಾಗಕ್ಕೆ ತಾವರೆ ಯಾಕೆ ಬಂತು, ಒಂದು ಧ್ವಜವನ್ನು ಮೂರು ವರ್ಷದೊಳಗೆ ಯಾಕೆ ಬದಲಿಸಿದರು ಎಂದು ಕೂತು ಹೇಳಿದರೆ ಮರೆಯುವುದಿಲ್ಲ. ಪಲ್ಟನ್ನಿನ ಸಿಪಾಯಿಗೆ ಆನೆಯ ಕತೆ ಗೊತ್ತು, ಅಮೆರಿಕದ ಹುಡುಗನಿಗೆ ತನ್ನ ತೋಳಿನ ದೀವಟಿಗೆಯ ಅರ್ಥ ಕಾಗದದಲ್ಲಿ ಸಿಗುತ್ತದೆ. ನಮ್ಮ ಮಕ್ಕಳಿಗೂ ಅದು ಸಲ್ಲಬೇಕು, ಕನ್ನಡದಲ್ಲೇ ಸಲ್ಲಬೇಕು.

ಶಾಲೆಗಳಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ನಿಮಗೆ ಕೆಲಸ ಬಹಳ, ಬಲ್ಲೆ. ಪಾಠದ ಜೊತೆ ಪರೇಡು, ಬಟ್ಟೆಯ ಲೆಕ್ಕ, ತಿಂಡಿಯ ಲೆಕ್ಕ, ಕ್ಯಾಂಪಿನ ಒಪ್ಪಿಗೆ ಪತ್ರ ಎಲ್ಲ ನಿಮ್ಮ ತಲೆಯ ಮೇಲೇ. ಆದರೂ ಈ ವರ್ಷ ಹೊಸ ಮಕ್ಕಳಿಗೆ ಬ್ಯಾಡ್ಜ್ ಹಂಚುವ ದಿನ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕಳಿಸಿಬಿಡಬೇಡಿ. ಮರದ ನೆರಳಿನಲ್ಲಿ ಒಂದು ಪೀರಿಯಡ್ ಕೂರಿಸಿ, ಒಂದು ಬ್ಯಾಡ್ಜನ್ನು ಕೈಯಿಂದ ಕೈಗೆ ದಾಟಿಸಿ, ಅದರಲ್ಲಿ ಏನೇನಿದೆ ಎಂದು ಮೊದಲು ಅವರನ್ನೇ ಕೇಳಿ, ಆಮೇಲೆ ನೀವು ಹೇಳಿ.